ಮರುಭರ್ತಿ ಮಾಡಿದ ಸಣ್ಣ ಗ್ಯಾಸ್ ಡಬ್ಬಿ ಕೊಳ್ಳಬೇಡಿ: ಗಾಡಿಯಲ್ಲಿ ಅಡುಗೆ ಮಾಡುವವರಿಗೆ

ಪ್ರವಾಸದಲ್ಲಿ ಗಾಡಿಯಲ್ಲೇ ಅಡುಗೆ ಮಾಡಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ಪ್ರೇ ಡಬ್ಬಿಯ ಹಾಗೆ ಉದ್ದಕ್ಕಿರುವ ಸಣ್ಣ ಬ್ಯುಟೇನ್ ಡಬ್ಬಿ ಬರುತ್ತದಲ್ಲ, ಅದನ್ನು ಮನೆ ಸಿಲಿಂಡರ್‌ನಿಂದ ಮತ್ತೆ ತುಂಬಿಸಿ ಹೊಸದು ಅಂತ ಮಾರುವವರಿದ್ದಾರೆ. ಅಂಥ ಒಂದು ಡಬ್ಬಿಯಿಂದ ನಮ್ಮ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಕೈ ಸುಟ್ಟಿದೆ.

ನಮ್ಮಣ್ಣ ಜೀಪಿನ ಹಿಂದೆ ಕಟ್ಟುವ ಸಣ್ಣ ಟ್ರೇಲರ್ ಮಾಡಿಸಿದ್ದಾನೆ. ಒಳಗೆ ಮಲಗಲು ಜಾಗ, ಹಿಂದಿನ ಬಾಗಿಲು ಎತ್ತಿದರೆ ಅಡುಗೆ ಕಟ್ಟೆ. ಕಟ್ಟೆ ಅಂದರೆ ಒಂದು ಒಲೆ, ಒಂದು ಪರಾತ ಇಟ್ಟರೆ ಮುಗಿಯಿತು. ಹಾಗಾಗಿ ಮಡಚುವಂಥದ್ದು, ಒಂದರೊಳಗೊಂದು ಕೂರುವಂಥದ್ದೇ ಬೇಕು. ಕಲಬುರಗಿಯ ಒಂದು ಅಂಗಡಿಯಲ್ಲಿ ಇದೆಲ್ಲ ಒಂದೇ ಸೆಟ್ ಆಗಿ ಸಿಕ್ಕಿತು. ಸೂಟ್‌ಕೇಸಿನಲ್ಲಿ ಬರುವ ಒಲೆ, ಗ್ಯಾಸ್ ಡಬ್ಬಿಗಳು, ಮಡಚುವ ಸಿಲಿಕೋನ್ ಪಾತ್ರೆ, ಗಾಡಿಯ ಸಾಕೆಟ್‌ಗೆ ಚುಚ್ಚುವ ಕೆಟಲ್. ಅಂಗಡಿ ಹೆಸರು ಇಲ್ಲಿ ಬರೆಯುವುದಿಲ್ಲ. ಮಾಲು ಹೇಗಿರುತ್ತದೆ ಅಂತ ಗುರುತು ಹಿಡಿದರೆ ಸಾಕು, ಎಲ್ಲೇ ಆಗಲಿ ಬೇಡ ಅನ್ನಬಹುದು.

ಕಾರಂಜಾ ಹಿನ್ನೀರಿನ ಹತ್ತಿರ ಸಂಜೆ ಗಾಡಿ ನಿಲ್ಲಿಸಿದ್ದೆವು. ವೈನಿ ಜುಣಕಕ್ಕೆ ಒಗ್ಗರಣೆ ಇಟ್ಟಿದ್ದರು. ಉರಿ ಮೊದಲು ನೀಲಿಯಾಗಿ ಚೆನ್ನಾಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ಒಲೆಯಿಂದ ಬುಸ್ ಬುಸ್ ಅಂತ ಸದ್ದು ಬಂತು. ನೋಡನೋಡುತ್ತಿದ್ದಂತೆ ಹಳದಿ ಉರಿ ಬಾಣಲೆಯ ಮೇಲಕ್ಕೆ ಎದ್ದಿತು. ವೈನಿ ಸೌಟು ಬಿಟ್ಟು ಹಿಂದೆ ಸರಿಯುವಷ್ಟರಲ್ಲಿ ಮುಂಗೈ ಸುಟ್ಟಿತ್ತು. ನಾಬ್ ತಿರುಗಿಸಿದರೂ ಉರಿ ಕೂಡಲೇ ನಿಲ್ಲಲಿಲ್ಲ. ಅಣ್ಣ ಪಕ್ಕದ ಲಿವರ್ ಎತ್ತಿ ಡಬ್ಬಿ ಬಿಡಿಸಿದ ಮೇಲೆ ನಿಂತಿತು. ಹಿಂದಿನ ಬಾಗಿಲು ಪೂರ್ತಿ ತೆರೆದಿದ್ದರಿಂದ ಒಳಗಿನ ಹಾಸಿಗೆಗೆ ಬೆಂಕಿ ತಾಗಲಿಲ್ಲ.

ಕುಡಿಯುವ ನೀರಿನ ಕ್ಯಾನ್ ಬಗ್ಗಿಸಿ ಸುಮಾರು 20 ನಿಮಿಷ ಕೈ ಮೇಲೆ ನೀರು ಬಿಟ್ಟೆವು. ಟೂತ್‌ಪೇಸ್ಟ್ ಹಚ್ಚಿ ಅಂತ ಪಕ್ಕದ ಗಾಡಿಯವರು ಕೊಡಲು ಬಂದರು, ಬೇಡ ಅಂದೆವು. ಬೀದರ್‌ನಲ್ಲಿ ಡಾಕ್ಟರಿಗೆ ತೋರಿಸಿದಾಗ ನೀರು ಹಾಕಿದ್ದೇ ಒಳ್ಳೆಯದಾಯಿತು ಅಂದರು. ಗುಳ್ಳೆ ಎದ್ದಿದ್ದವು, ಈಗ ಮಾಯುತ್ತಿದೆ.

ಆಮೇಲೆ ಉಳಿದ ಡಬ್ಬಿಗಳನ್ನು ಬೆಳಕಿನಲ್ಲಿ ಹಿಡಿದು ನೋಡಿದೆ. ಬಾಯಿಯ ಸುತ್ತ ಬಣ್ಣ ಕಿತ್ತಿತ್ತು, ವಾಲ್ವ್ ಮೇಲೆ ಗೀರುಗಳಿದ್ದವು. ಒಂದರ ಅಂಚಿಗೆ ತುಕ್ಕಿನ ಗೆರೆ. ಮುಚ್ಚಳಗಳು ಒಂದೊಂದು ಒಂದು ಬಣ್ಣ. ಪರಿಚಯದ ಬೇಳೆ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತುಂಬಿದ್ದನ್ನೂ ಖಾಲಿಯಾದದ್ದನ್ನೂ ತೂಗಿದೆವು. ಡಬ್ಬಿ ಮೇಲೆ 220 ಗ್ರಾಂ ಅಂತ ಅಚ್ಚಾಗಿದೆ, ಒಳಗೆ ಅದಕ್ಕಿಂತ ಜಾಸ್ತಿ ಗ್ಯಾಸ್ ಇತ್ತು. ಕೇಳಲು ಹೋದರೆ ಅಂಗಡಿಯವರು, 'ದೊಡ್ಡ ಸಿಲಿಂಡರ್‌ಲಿಂದ ತುಂಬಸ್ತೀವ್ರಿ, ಎಲ್ಲಾರೂ ಒಯ್ತಾರ, ಯಾರಿಗೂ ಏನೂ ಆಗಿಲ್ಲ' ಅಂದರು. ಕೈಗೆ ಪಟ್ಟಿ ಕಟ್ಟಿಕೊಂಡ ವೈನಿ ಎದುರಿಗೇ ನಿಂತಿದ್ದರು!

ಇದು ಯಾಕೆ ಅಪಾಯ ಅಂತ ಹೇಳುತ್ತೇನೆ. ಈ ಡಬ್ಬಿಯ ತಗಡು ತೆಳು. ಅದು ಬ್ಯುಟೇನ್‌ಗಾಗಿ, ಒಂದು ಸಲ ಬಳಸಿ ಬಿಡುವುದಕ್ಕಾಗಿ ಮಾಡಿದ್ದು. ಮನೆ ಸಿಲಿಂಡರ್‌ನ ಎಲ್‌ಪಿಜಿಯಲ್ಲಿ ಬ್ಯುಟೇನ್ ಜೊತೆ ಪ್ರೊಪೇನ್ ಕೂಡ ಇರುತ್ತದೆ. ಪ್ರೊಪೇನ್‌ನ ಒತ್ತಡ ಬಹಳ ಜಾಸ್ತಿ. ಇನ್ನು ಡಬ್ಬಿಯೊಳಗೆ ಮೇಲೆ ಸ್ವಲ್ಪ ಖಾಲಿ ಜಾಗ ಇರಲೇಬೇಕು. ಕಂಠಮಟ್ಟ ತುಂಬಿಸಿದರೆ ಗ್ಯಾಸ್ ಆವಿಯಾಗಿ ಬರುವ ಬದಲು ದ್ರವವಾಗಿಯೇ ಒಲೆಗೆ ನುಗ್ಗುತ್ತದೆ, ಉರಿ ಎದ್ದುಬಿಡುತ್ತದೆ. ಡಬ್ಬಿಯನ್ನು ಒಲೆಯಲ್ಲಿ ಮಲಗಿಸುವಾಗ ಅದರ ಅಂಚಿನ ಕಚ್ಚು, ಅಂದರೆ ಸಣ್ಣ ಕತ್ತರಿಸಿದ ಗುರುತು, ಮೇಲ್ಮುಖವಾಗಿ ಕೂರಬೇಕು ಅನ್ನುವುದೂ ದ್ರವ ಒಲೆಗೆ ನುಗ್ಗಬಾರದು ಅಂತಲೇ. ನಮ್ಮದು ಸರಿಯಾಗಿಯೇ ಕೂತಿತ್ತು, ಆದರೂ ಹೀಗಾಯಿತು.

ಮೇಲಾಗಿ ನಮ್ಮ ಬಿಸಿಲು. ಇಂಥ ಡಬ್ಬಿಗಳ ಮೇಲೆ 50 ಡಿಗ್ರಿಗಿಂತ ಜಾಸ್ತಿ ಬಿಸಿ ತಾಗಿಸಬೇಡಿ ಅಂತ ಬರೆದಿರುತ್ತದೆ. ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿ ಕಡೆ ಹೊರಗೇ 42, 43 ಡಿಗ್ರಿ ಇರುತ್ತದೆ. ಬಾಗಿಲು ಹಾಕಿ ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗೆ 50 ಸುಲಭವಾಗಿ ದಾಟುತ್ತದೆ. ಅಸಲಿ ಡಬ್ಬಿಯನ್ನೂ ಹಾಗೆ ಬಿಟ್ಟು ಹೋಗಬೇಡಿ.

ರೊಟ್ಟಿ ಬಡಿಯುವ ನಮ್ಮ ಭಾಗದವರಿಗೆ ಇನ್ನೊಂದು ಮಾತು. ಈ ಒಲೆಯಲ್ಲಿ ಡಬ್ಬಿ ಬರ್ನರ್‌ನ ಪಕ್ಕದಲ್ಲೇ ಮಲಗಿರುತ್ತದೆ. ಜೋಳದ ರೊಟ್ಟಿಯ ಅಗಲ ಹಂಚು ಇಟ್ಟರೆ ಅದು ಡಬ್ಬಿಯ ಗೂಡಿನ ಮೇಲೂ ಚಾಚಿಕೊಳ್ಳುತ್ತದೆ. ಹಂಚಿನ ಕಾವು ನೇರ ಡಬ್ಬಿಗೆ ಇಳಿಯುತ್ತದೆ. ರೊಟ್ಟಿ ಅಂದಮೇಲೆ ಒಂದೆರಡಕ್ಕೆ ನಿಲ್ಲುವುದಿಲ್ಲ, ಹಂಚು ಬಹಳ ಹೊತ್ತು ಕಾದಿರುತ್ತದೆ ಅಲ್ವಾ? ಡಬ್ಬಿ ಸಿಡಿಯಲು ಅಷ್ಟು ಸಾಕು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮನೆಯಿಂದಲೇ ಕಟ್ಟಿಕೊಂಡು ಹೋಗಿ. ಜಾಗವೂ ಉಳಿಯುತ್ತದೆ, ಒಲೆಯ ಕೆಲಸವೂ ಅರ್ಧ ಕಡಿಮೆ.

ಸೆಟ್‌ನ ಉಳಿದ ಸಾಮಾನಿನ ಕಥೆಯೂ ಅಷ್ಟಕ್ಕಷ್ಟೇ. ಸಿಲಿಕೋನ್ ಪಾತ್ರೆಯ ತಳ ಲೋಹದ್ದು, ಗೋಡೆ ಸಿಲಿಕೋನ್. ಉರಿ ತಳದ ಅಂಚು ದಾಟಿತೋ, ಗೋಡೆ ಕರಟಿ ವಾಸನೆ ಬರುತ್ತದೆ. ಕೆಟಲ್ 800 ವ್ಯಾಟ್‌ದು. 12 ವೋಲ್ಟ್ ಮೇಲೆ 800 ವ್ಯಾಟ್ ಅಂದರೆ ಸುಮಾರು 67 ಆಂಪಿಯರ್. ಗಾಡಿಯ ಲೈಟರ್ ಸಾಕೆಟ್‌ನ ಫ್ಯೂಸ್ ಸಾಮಾನ್ಯವಾಗಿ 10ರಿಂದ 20 ಆಂಪಿಯರ್ ಇರುತ್ತದೆ. ಹಾಕಿದ ಕೂಡಲೇ ಫ್ಯೂಸ್ ಹೋಯಿತು. ಸದ್ಯ, ಫ್ಯೂಸ್ ಹೋಗದೆ ವೈರ್ ಕಾದಿದ್ದರೆ ಇನ್ನೂ ಕಷ್ಟವಿತ್ತು.

ಮಡಚುವ ಸಾಮಾನೇ ಬೇಡ ಅನ್ನುತ್ತಿಲ್ಲ. ಮಡಚುವ ಜಾಲರಿ ಬುಟ್ಟಿ ನನಗೆ ತುಂಬಾ ಇಷ್ಟ, ಸೊಪ್ಪು ತೊಳೆಯಲು ಅದರಷ್ಟು ಅನುಕೂಲದ್ದು ಬೇರೆ ಇಲ್ಲ. ಹಿಡಿ ಇಲ್ಲದ, ಒಂದರೊಳಗೊಂದು ಕೂರುವ ಸ್ಟೀಲ್ ಪಾತ್ರೆಗಳು, ಅವಕ್ಕೆಲ್ಲ ಒಂದೇ ಇಕ್ಕಳ. ಕಳಚುವ ಪ್ಲಾಸ್ಟಿಕ್ ಹಿಡಿಗಿಂತ ಇಕ್ಕಳವೇ ಗಟ್ಟಿ. 3 ಲೀಟರ್ ಕುಕ್ಕರ್, ಒಳಗೆ ಎರಡು ಡಬ್ಬಿ, ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ತೊಗರಿಬೇಳೆ. ಬೆಂಕಿಗೆ ತಾಗದ ಸಾಮಾನಿನಲ್ಲಿ ಎಷ್ಟು ಬೇಕಾದರೂ ಜಾಗ ಉಳಿಸಿ. ಒಲೆ, ಗ್ಯಾಸ್ ವಿಷಯದಲ್ಲಿ ಮಾತ್ರ ಬೇಡ.

ನಾವೀಗ ಏಜೆನ್ಸಿಯಿಂದ 5 ಕೆಜಿ ಸಿಲಿಂಡರ್ ತಂದಿದ್ದೇವೆ, ಐಎಸ್‌ಐ ಗುರುತಿನ ಒಲೆ, ರೆಗ್ಯುಲೇಟರ್, ಪೈಪ್ ಸಮೇತ. ಜಾಗ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ಸಿಲಿಂಡರ್ ಕೆಳಗಿಳಿಸಿ, ನೆಟ್ಟಗೆ ನಿಲ್ಲಿಸಿ, ಹೊರಗೇ ಅಡುಗೆ ಮಾಡುತ್ತೇವೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಟ್ರೇಲರ್‌ನ ನೆಲದಲ್ಲೇ ಕೂರುತ್ತದೆ, ಮೇಲಿನ ಕಿಟಕಿ ತೆರೆದರೆ ಹೋಗುವುದಿಲ್ಲ. ಮಳೆ ಬಂತು, ಚಳಿ ಆಯಿತು ಅಂತ ಬಾಗಿಲು ಹಾಕಿಕೊಂಡು ಒಲೆ ಹಚ್ಚಲೇಬೇಡಿ. ಇದ್ದಿಲ ಸಿಗಡಿಯಂತೂ ಒಳಗೆ ಬೇಡವೇ ಬೇಡ. ಅದರ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಇಂಥ ಡಬ್ಬಿ ಈಗಾಗಲೇ ನಿಮ್ಮ ಹತ್ತಿರ ಇದ್ದರೆ ತೂತು ಮಾಡಬೇಡಿ, ಕಸಕ್ಕೆ ಎಸೆಯಬೇಡಿ. ಕಸಕ್ಕೆ ಯಾರಾದರೂ ಬೆಂಕಿ ಹಚ್ಚಿದರೆ ಅಲ್ಲೇ ಸಿಡಿಯುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಮಕ್ಕಳ ಕೈಗೆ ಸಿಗದಂತೆ ಇಟ್ಟು ಹತ್ತಿರದ ಅಗ್ನಿಶಾಮಕ ಠಾಣೆಯವರನ್ನು ಕೇಳಿ. ಎಲ್‌ಪಿಜಿ ಸೋರಿಕೆಯ ಸಹಾಯವಾಣಿ 1906, ಗ್ರಾಹಕರ ದೂರಿಗೆ 1915. ಸಿಲಿಂಡರ್‌ನಿಂದ ಹೀಗೆ ತುಂಬಿಸಿ ಮಾರುವುದು ಕಾನೂನಿಗೆ ವಿರುದ್ಧ. ಬಿಲ್ ಕೇಳಿ ಪಡೆಯಿರಿ, ದೂರು ಕೊಡುವಾಗ ಅದು ಬೇಕಾಗುತ್ತದೆ.