ಎರೆಹೊಲದಲ್ಲಿ 75 ಎಚ್‌ಪಿ ಟ್ರ್ಯಾಕ್ಟರ್: 2,900 ತಾಸು ಓಡಿಸಿದ ಮೇಲೆ

ಮೊನ್ನೆ ಮೀಟರ್ 2,900 ತಾಸು ದಾಟಿತು. 2021ರಲ್ಲಿ ತಗೊಂಡ ಗಾಡಿ ಇದು. 75 ಎಚ್‌ಪಿ, ಫೋರ್ ವ್ಹೀಲ್ ಡ್ರೈವ್. ಕಂಪನಿ ಹೆಸರು ಬರೆಯುವುದಿಲ್ಲ. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಯಾವ ದೊಡ್ಡ ಗಾಡಿಗಾದರೂ ಹೊಂದುತ್ತದೆ. ನಮ್ಮದು ಗದಗ ಜಿಲ್ಲೆಯ ರೋಣ ತಾಲ್ಲೂಕು, ಅಪ್ಪಟ ಎರೆ, ಅಂದರೆ ಕಪ್ಪು ಮಣ್ಣು. ಸ್ವಂತದ್ದು, ಲಾವಣಿ (ಗುತ್ತಿಗೆ) ಹಾಕಿಕೊಂಡಿದ್ದು ಸೇರಿ 90 ಎಕರೆ. ಮುಂಗಾರಿಗೆ ಒಂದಿಷ್ಟು ಹೆಸರುಕಾಳು, ಹಿಂಗಾರಿಗೆ ಕಡಲೆ, ಬಿಳಿಜೋಳ. ಮೊದಲು ಒಂದೇ 45 ಎಚ್‌ಪಿ ಗಾಡಿಯಲ್ಲಿ ಎಲ್ಲಾ ಎಳೆಯುತ್ತಿದ್ದೆವು.

ನೋಡಿದವರೆಲ್ಲ ಮೊದಲು ಕೇಳುವುದು ಡೀಸೆಲ್ ಎಷ್ಟು ಕುಡಿಯುತ್ತೆ ಅಂತ. ತಾಸಿನ ಲೆಕ್ಕ ಹಿಡಿದರೆ ಗಾಬರಿ ಆಗುತ್ತದೆ. ಹಳೇ ಗಾಡಿ ಎರಡು ಫಾಳದ (ಗುಳದ) ಪಲ್ಟಿ ನೇಗಿಲಿಗೆ, ಅಂದರೆ ಮಣ್ಣು ತಿರುವಿ ಹಾಕುವ ನೇಗಿಲಿಗೆ, ತಾಸಿಗೆ 5 ಲೀಟರ್ ತಗೊಳ್ಳುತ್ತಿತ್ತು. ಇದು ಮೂರು ಫಾಳಕ್ಕೆ 9 ಲೀಟರ್. ಆದರೆ ಅದು ತಾಸಿಗೆ ಅರ್ಧ ಎಕರೆಗಿಂತ ಸ್ವಲ್ಪ ಜಾಸ್ತಿ ಹೊಡೆಯುತ್ತಿತ್ತು, ಇದು ಒಂದು ಎಕರೆ ದಾಟಿಸುತ್ತದೆ. ಎಕರೆ ಲೆಕ್ಕದಲ್ಲಿ 9 ಲೀಟರ್ ಇದ್ದದ್ದು 8ರ ಆಸುಪಾಸಿಗೆ ಬಂತು, ಅಷ್ಟೇ. ಬರೀ ಡೀಸೆಲ್ ಉಳಿಸೋಕೆ ದೊಡ್ಡ ಗಾಡಿ ತಗೊಳ್ಳುವವರು ತಗೊಳ್ಳದೇ ಇರುವುದೇ ವಾಸಿ.

ನನಗೆ ಉಳಿದದ್ದು ದಿನ. ಎರೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಬಿದ್ದಾಗ ಗಾಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಕಲ್ಲು. ನಡುವೆ ಹದ ಸಿಗುವುದು ನಾಲ್ಕೈದು ದಿನ. ಹಸ್ತ, ಚಿತ್ತಿ ಮಳೆ ಆದ ಮೇಲೆ ಕಡಲೆ ಬಿತ್ತಬೇಕು. ಬೀಜ ಹಸಿ ಮಣ್ಣಿಗೆ ಮುಟ್ಟಬೇಕು. ಹಳೇ ಗಾಡಿಗೆ 9 ತಾಳಿನ ಕೂರಿಗೆ (ಒಂದು ಸಲಕ್ಕೆ 9 ಸಾಲು ಬಿತ್ತುವುದು), ದಿನಕ್ಕೆ 20 ಎಕರೆ ಆದರೆ ಪುಣ್ಯ. ಕೊನೇ ಹೊಲಕ್ಕೆ ಹೋಗುವಷ್ಟರಲ್ಲಿ ಮೇಲಿನ ಹಸಿ ಆರಿ, ನಾಟಿಗೆ (ಮೊಳಕೆ) ಅಲ್ಲೊಂದು ಇಲ್ಲೊಂದು ಏಳುತ್ತಿತ್ತು. ಈಗ 13 ತಾಳಿನ ಕೂರಿಗೆ. ಬೆಳಕು ಹರಿಯುವಾಗ ಶುರು ಮಾಡಿದರೆ ದಿನಕ್ಕೆ 40 ಎಕರೆ ಹತ್ತಿರ ಮುಗಿಯುತ್ತದೆ. ಜೆಜಿ-11 ತಳಿಯ ಕಡಲೆ ಹೊಲದ ಈ ತುದಿಯಿಂದ ಆ ತುದಿಯವರೆಗೆ ಒಂದೇ ಎತ್ತರಕ್ಕೆ ಎದ್ದದ್ದನ್ನು ನಮ್ಮ ಹೊಲದಲ್ಲಿ ಮೊದಲ ಸಲ ನೋಡಿದ್ದು ಆಗಲೇ.

ಒಂದು ಫಜೀತಿ ಹೇಳಬೇಕು. 13 ತಾಳಿನ ಕೂರಿಗೆ ಅಂದರೆ ಹತ್ತಿರ ಹತ್ತಿರ 4 ಮೀಟರ್ ಅಗಲ. ನಮ್ಮ ಬಂಡಿದಾರಿ ಅಷ್ಟಿಲ್ಲ. ಮೊದಲ ವರ್ಷ ಪಕ್ಕದವರ ಬದುವಿನ ಎರಡು ಜಾಲಿಗಿಡ ಮುರಿದು, ಚಹಾ ಕುಡಿಸಿ ಸಮಾಧಾನ ಮಾಡಿದ್ದಾಯಿತು. ಈಗ ಕೂರಿಗೆಯನ್ನು ಟ್ರೇಲರ್ ಮೇಲೆ ಉದ್ದಕ್ಕೆ ಮಲಗಿಸಿ ಒಯ್ಯುತ್ತೇವೆ. ಷೋರೂಮಿನಲ್ಲಿ ಇದನ್ನೆಲ್ಲ ಯಾರೂ ಹೇಳುವುದಿಲ್ಲ ಬಿಡಿ.

ಎಚ್‌ಪಿ ಇದ್ದರೆ ಸಾಕು ಅಂದುಕೊಂಡಿದ್ದೆ. ಮೊದಲ ಬೇಸಿಗೆ ಪಲ್ಟಿ ಹೊಡೆಯುವಾಗ ಎಂಜಿನ್ ಸದ್ದು ಜೋರು, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಆಮೇಲೆ ಹಿಂದಿನ ಟೈರಿಗೆ ಸುಣ್ಣದಲ್ಲಿ ಗುರುತು ಹಾಕಿ ಎಣಿಸಿದೆ. ನೇಗಿಲು ಎತ್ತಿಕೊಂಡು ಗಾಲಿ ಹತ್ತು ಸುತ್ತು ತಿರುಗಿದರೆ ಗಾಡಿ 44 ಮೀಟರ್ ಹೋಯಿತು. ನೇಗಿಲು ಇಳಿಸಿದರೆ 34. ಅಂದರೆ ನಾಲ್ಕರಲ್ಲಿ ಒಂದು ಪಾಲಿನ ಹತ್ತಿರ ಗಾಲಿ ಸುಮ್ನೆ ಜಾರುತ್ತಿತ್ತು. ಹಿಂದಿನ ಎರಡೂ ಟೈರಿಗೆ 250 ಲೀಟರಿನಂತೆ ನೀರು ತುಂಬಿಸಿ, ಮುಂದೆ ತೂಕದ ತಟ್ಟೆ ಕೂರಿಸಿದ ಮೇಲೆ ಅದೇ ಹತ್ತು ಸುತ್ತಿಗೆ 38 ಮೀಟರ್ ದಾಟಿತು. ಟೈರ್ ಸವೆಯುವುದೂ ಕಡಿಮೆ ಆಯಿತು. ದೊಡ್ಡ ಗಾಡಿ ಇದ್ದವರು ಇದೊಂದನ್ನು ಮಾಡಿ ನೋಡಿ. ಖರ್ಚೇನಿಲ್ಲ, ಒಂದು ಟೇಪು ಬೇಕು.

ತೂಕ ಹೆಚ್ಚಿಸಿದ್ದಕ್ಕೆ ದಂಡವನ್ನೂ ಕಟ್ಟಿದ್ದೇನೆ. 2022ರ ಹಿಂಗಾರಿಗೆ ಹದ ಬರುವ ಮುಂಚೆಯೇ ಅವಸರ ಮಾಡಿ ಇಳಿಸಿದೆ. ಜನವರಿಗೆ ನೋಡಿದರೆ ಗಾಲಿ ಹೋದ ಜಾಡಿನುದ್ದಕ್ಕೂ ಕಡಲೆ ಗಿಡ್ಡ. ಗುದ್ದಲಿ ಹಾಕಿದರೆ ಗೇಣು ಆಳದಲ್ಲಿ ಬಿಲ್ಲೆಯಂಥ ಮಣ್ಣು. ಬೇರು ಅಲ್ಲಿವರೆಗೆ ಇಳಿದು, ಅಡ್ಡ ತಿರುಗಿಕೊಂಡಿತ್ತು. ಅಪ್ಪ ಅದನ್ನು ಕೈಯಲ್ಲಿ ಹಿಡಿದು ನೋಡಿದರು. "ತಮ್ಮಾ, ಎತ್ತಿಗಾದ್ರ ತಿಳೀತಿತ್ತು, ಹಸಿ ಹೊಲಕ್ಕ ಕಾಲ ಇಡ್ತಿರಲಿಲ್ಲ. ಇದಕ್ಕ ತಿಳಿಯಂಗಿಲ್ಲ, ನೀನ ತಿಳ್ಕೋಬೇಕು" ಅಂದರು. ಈಗ ಮಣ್ಣು ಮುಷ್ಟಿಯಲ್ಲಿ ಹಿಡಿದು ನೋಡದೆ ಗಾಡಿ ಇಳಿಸುವುದಿಲ್ಲ.

ರಿಪೇರಿ ವಿಷಯ. 1,400 ತಾಸಿಗೆ ಮುಂದಿನ ಎಕ್ಸೆಲ್‌ನ ಆಯಿಲ್ ಸೀಲ್ ಹೋಯಿತು. ಸಾಮಾನು ಬರೋಕೆ 12 ದಿನ, ಅದೂ ಹೆಸರು ಕಿತ್ತು ಹೊಲ ಸ್ವಚ್ಛ ಮಾಡುವ ಹೊತ್ತಿಗೆ. ಮುಂದಿನ ಟೈರುಗಳು ಎರಡೇ ವರ್ಷಕ್ಕೆ ಬೋಳಾದವು. ಅದು ಪೂರಾ ನಮ್ಮ ತಪ್ಪು. ಎಪಿಎಂಸಿಗೆ ಮಾಲು ಒಯ್ಯುವಾಗ ಡಾಂಬರ್ ರಸ್ತೆ ಮೇಲೂ ಫೋರ್ ವ್ಹೀಲ್ ಹಾಕಿಕೊಂಡೇ ಓಡಿಸುತ್ತಿದ್ದೆವು. ಮುಂದಿನ ಗಾಲಿ ಒಂಚೂರು ಜೋರಾಗಿ ತಿರುಗುವ ಹಾಗೆ ಮಾಡಿರುತ್ತಾರೆ. ಮಣ್ಣಲ್ಲಿ ಅದರಿಂದ ಅನುಕೂಲ, ರಸ್ತೆ ಮೇಲೆ ಟೈರು ಉಜ್ಜಿ ಹೋಗುತ್ತದೆ. ಎಂಜಿನ್‌ಗೆ ಮಾತ್ರ ಇವತ್ತಿನವರೆಗೂ ಯಾರೂ ಪಾನಾ ಹಚ್ಚಿಲ್ಲ. ನನ್ನದು ಹಳೇ ಥರದ ಡೀಸೆಲ್ ಪಂಪಿನದು. 2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಗಾಡಿಗಳಿಗೆ ಹೊಸ ಹೊಗೆ ನಿಯಮ ಬಂದಿದೆ. ಕಾಮನ್ ರೈಲ್ ಎಂಜಿನ್ (ಡೀಸೆಲನ್ನು ಭಾರೀ ಒತ್ತಡದಲ್ಲಿ ಚಿಮ್ಮಿಸುವ ಹೊಸ ಥರದ್ದು) ತಗೊಳ್ಳುವವರು ಕ್ಯಾನಿನಲ್ಲಿ ತಂದಿಟ್ಟ ಡೀಸೆಲ್ ಬಗ್ಗೆ ಹುಷಾರಾಗಿರಿ. ನೀರು, ಕಸ ಸೇರಿದರೆ ಇಂಜೆಕ್ಟರ್ ಬಿಲ್ ದೊಡ್ಡದು.

ದುಡ್ಡಿನ ಲೆಕ್ಕಕ್ಕೆ ಬಂದರೆ, ನನ್ನ 90 ಎಕರೆಗೆ ವರ್ಷಕ್ಕೆ 250 ತಾಸು ಕೆಲಸ ಇದ್ದರೆ ಹೆಚ್ಚು. ಉಳಿದದ್ದೆಲ್ಲ ಬಾಡಿಗೆ. ಬಾಡಿಗೆ ಇಲ್ಲದಿದ್ದರೆ ಬ್ಯಾಂಕಿನ ಕಂತು ಕಟ್ಟೋಕೆ ಆಗುತ್ತಿರಲಿಲ್ಲ. ಹೊಲ 50 ಎಕರೆ ಒಳಗಿದ್ದರೆ, ಬಾಡಿಗೆಗೆ ತಿರುಗುವ ಮನಸ್ಸೂ ಇಲ್ಲದಿದ್ದರೆ, ಪಲ್ಟಿ ಹೊಡೆಯೋಕೆ ಮೂರು ವರ್ಷಕ್ಕೊಮ್ಮೆ ಬಾಡಿಗೆಗೆ ಕರೆಸಿ. ಹೋಬಳಿಯ ಕೃಷಿ ಯಂತ್ರಧಾರೆಯಲ್ಲೂ (ಯಂತ್ರ ಬಾಡಿಗೆಗೆ ಕೊಡುವ ಸರ್ಕಾರಿ ಯೋಜನೆಯ ಕೇಂದ್ರ) ಒಮ್ಮೆ ವಿಚಾರಿಸಿ. ತಗೊಳ್ಳಲೇಬೇಕು ಅನ್ನುವವರಿಗೆ ಕಾಲ ಚೆನ್ನಾಗಿದೆ. ನಾನು 12% ಜಿಎಸ್‌ಟಿ ಕಟ್ಟಿದ್ದೆ, 2025ರ ಸೆಪ್ಟೆಂಬರ್ 22ರಿಂದ ಅದು 5% ಆಗಿದೆ. ಹೊಟ್ಟೆ ಉರಿಯುತ್ತೆ, ಅಲ್ವಾ?

ಹಳೇ 45 ಎಚ್‌ಪಿ ಮಾರಿಲ್ಲ. ಸಾಲಿನ ನಡುವಿನ ಕಳೆ ತೆಗೆಯಲು ಎಡೆ ಹೊಡೆಯೋಕೆ, ಕೀಟಕ್ಕೆ ಎಣ್ಣೆ (ಔಷಧಿ) ಸಿಂಪಡಿಸೋಕೆ ಅದೇ ಬೇಕು. ದೊಡ್ಡದರ ಗಾಲಿ ಸಾಲಿನ ನಡುವೆ ಹಿಡಿಯುವುದಿಲ್ಲ.