ಹೆಣ್ಣು ನಾಯಿಗೆ ‘ಮರಿಯಾಗದ ಇಂಜೆಕ್ಷನ್’ ಹಾಕಿಸಬೇಡಿ

ಮೂಡಿಗೆರೆ, ಆಲ್ದೂರು ಕಡೆಯ ಕಾಫಿ ತೋಟಗಳಲ್ಲಿ ಹೆಣ್ಣು ನಾಯಿ ಸಾಕಿರುವವರು ದಯವಿಟ್ಟು ಇದನ್ನು ಓದಬೇಕು. ಬೆದೆಗೆ ಬಾರದಂತೆ ಸೂಜಿ ಹಾಕುತ್ತೇವೆಂದು ಮನೆ ಬಾಗಿಲಿಗೆ ಬರುವವರನ್ನು ನಂಬಬೇಡಿ. ಅಂಥ ಒಬ್ಬರು ಕಳೆದ ಮಳೆಗಾಲದಲ್ಲಿ ನಮ್ಮಲ್ಲಿಗೂ ಬಂದಿದ್ದರು. “ಅಮ್ಮಾ, ಒಂದು ಸೂಜಿ ಸಾಕು, ಮರಿಗಳ ಕಾಟ ಇರಲ್ಲ” ಎಂದು ಅತ್ತೆಯವರಿಗೆ ಭರವಸೆ ಕೊಟ್ಟು, ನಾಯಿ ಯಾವಾಗ ಬೆದೆಗೆ ಬಂದಿತ್ತು, ಗಬ್ಬವಾಗಿದೆಯೇ ಎಂದು ಒಂದು ಮಾತನ್ನೂ ಕೇಳದೆ ತೊಡೆಗೆ ಚುಚ್ಚಿ, ಹಣ ಪಡೆದು ಹೊರಟರು. ಕಣದ ಮೂಲೆಯಲ್ಲಿ ಎಸೆದಿದ್ದ ಪುಟ್ಟ ಗಾಜಿನ ಸೀಸೆಯ ಮೇಲೆ ಮೆಡ್ರಾಕ್ಸಿಪ್ರೊಜೆಸ್ಟರೋನ್, 150 ಮಿಲಿಗ್ರಾಂ ಎಂದಿತ್ತು. 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಅಂತರಾ’ ಹೆಸರಿನಲ್ಲಿ ಗರ್ಭನಿರೋಧಕವಾಗಿ ಮಹಿಳೆಯರಿಗೆ ಮೂರು ತಿಂಗಳಿಗೊಮ್ಮೆ ಕೊಡುತ್ತಿರುವುದು ಇದೇ ಔಷಧ.

ವೈದ್ಯರು ಪರೀಕ್ಷಿಸಿ ಕೊಟ್ಟರೆ ಮಹಿಳೆಯರಿಗೆ ಉಪಯುಕ್ತವಾದ ಈ ಔಷಧ ನಾಯಿಗೆ ಅಪಾಯಕಾರಿ. ಹೆಣ್ಣು ನಾಯಿಯಲ್ಲಿ ಬೆದೆ ಮುಗಿದ ಮೇಲೆ, ಗಬ್ಬವಾಗಲಿ ಬಿಡಲಿ, ಸುಮಾರು ಎರಡು ತಿಂಗಳು ಗರ್ಭವನ್ನು ಕಾಪಾಡುವ ಹಾರ್ಮೋನ್ ಆದ ಪ್ರೊಜೆಸ್ಟರೋನ್ ಹೆಚ್ಚಾಗಿಯೇ ಇರುತ್ತದೆ. ಅದರ ಮೇಲೆ ಹೊರಗಿನಿಂದಲೂ ಅದೇ ಬಗೆಯ ಹಾರ್ಮೋನ್ ಸೇರಿದರೆ ಗರ್ಭಕೋಶದ ಒಳಪದರ ದಪ್ಪಗಾಗಿ, ಸ್ರಾವ ತುಂಬಿಕೊಂಡು, ಬ್ಯಾಕ್ಟೀರಿಯಾ ಬೆಳೆದು ಕೀವಾಗುವ ಸಾಧ್ಯತೆ ಹೆಚ್ಚುತ್ತದೆ. ಇದನ್ನು ವೈದ್ಯರು ಪಯೋಮೆಟ್ರಾ ಎನ್ನುತ್ತಾರೆ. ಮೊಲೆಯ ಗಡ್ಡೆ, ಸಕ್ಕರೆ ಕಾಯಿಲೆಯ ಅಪಾಯವೂ ಇದೆ. ಗಬ್ಬವಾಗಿರುವ ನಾಯಿಗೆ ಹಾಕಿದರೆ ಹೆರಿಗೆಯೇ ಆಗದೆ ಮರಿಗಳು ಒಳಗೇ ಸಾಯಬಹುದು.

ಕೆಲವು ವಾರಗಳಲ್ಲಿ ನಮ್ಮ ನಾಯಿ ನೀರಿನ ತೊಟ್ಟಿ ಬಿಟ್ಟು ಕದಲದಾಯಿತು. ಕುಡಿಯುವುದು, ವಾಂತಿ ಮಾಡುವುದು, ಮತ್ತೆ ಕುಡಿಯುವುದು. ಅನ್ನ ಮುಟ್ಟುತ್ತಿರಲಿಲ್ಲ, ಹೊಟ್ಟೆ ಉಬ್ಬಿತ್ತು. ಹಾಸನಕ್ಕೆ ಒಯ್ದು ಶಸ್ತ್ರಚಿಕಿತ್ಸೆ ಮಾಡಿಸಿದೆವು. ಕೀವು ತುಂಬಿದ ಗರ್ಭಕೋಶವನ್ನು ತೆಗೆದರೂ, ನಂಜು ಅಷ್ಟರಲ್ಲೇ ಮೂತ್ರಪಿಂಡಗಳನ್ನು ಹಾಳುಮಾಡಿದ್ದರಿಂದ ಅವಳು ಉಳಿಯಲಿಲ್ಲ. ಮನೆಯ ಮಗುವಿನಂತಿದ್ದವಳು ಅವಳು.

ಮರಿ ಬೇಡವೆಂದಾದರೆ ಅಂಡಾಶಯ ಮತ್ತು ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯೇ ಸರಿಯಾದ ದಾರಿ; 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿ ನಾಯಿಗಳಿಗೂ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬಿಸ್ ಲಸಿಕೆಯನ್ನೇ ಹೇಳುತ್ತವೆ. ಅದು ಆಗುವವರೆಗೆ ಬೆದೆಯ ಸುಮಾರು ಮೂರು ವಾರ ನಾಯಿಯನ್ನು ಒಳಗೆ ಕಟ್ಟಿಹಾಕುವುದು ಕಷ್ಟವಾದರೂ ಪ್ರಾಣಕ್ಕೆ ಎರವಲ್ಲ.

ಈಗಾಗಲೇ ಸೂಜಿ ಹಾಕಿಸಿರುವವರು ಔಷಧದ ಹೆಸರು ಮತ್ತು ದಿನಾಂಕವನ್ನು ಬರೆದಿಟ್ಟುಕೊಂಡು ಪಶುವೈದ್ಯರಿಗೆ ತೋರಿಸಿ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಕೀವು ಹೊರಗೆ ಕಾಣುವುದೇ ಇಲ್ಲ. ಆದ್ದರಿಂದ ಸ್ರಾವಕ್ಕಾಗಿ ಕಾಯದೆ, ನಾಯಿ ಅತಿಯಾಗಿ ನೀರು ಕುಡಿಯತೊಡಗಿದ ದಿನವೇ ಸ್ಕ್ಯಾನಿಂಗ್ ಮಾಡಿಸಿ.