ಪೆಡಲ್ ಡಬ್ಬಿಯ ಮೇಲೆ ಕನ್ನಡ: ಮೈಸೂರಿನ ಒಂದು ಲೇಸರ್ ಕೆತ್ತನೆ ಅಂಗಡಿಯ ಬಗ್ಗೆ

ಮೈಸೂರಿನ ಅಶೋಕ ರಸ್ತೆಗೆ ಕೂಡಿಕೊಳ್ಳುವ ಅಡ್ಡರಸ್ತೆಯೊಂದರಲ್ಲಿ ಟ್ರೋಫಿ, ನಾಮಫಲಕ ಮತ್ತು ನೆನಪಿನ ಕಾಣಿಕೆಗಳ ಮೇಲೆ ಹೆಸರು ಕೆತ್ತಿಕೊಡುವ ಸಣ್ಣ ಅಂಗಡಿ ಇದೆ. ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿದ, ಕಾಲಿನಿಂದ ಒತ್ತಿ ಗಿಟಾರಿನ ದನಿ ಬದಲಿಸುವ ಮೂರು ಗಿಟಾರ್ ಪೆಡಲ್‌ಗಳ ಡಬ್ಬಿಗಳಿಗೆ ಕನ್ನಡದಲ್ಲಿ ಬರಹ ಹಾಕಿಸಲು ನಾನು ಈವರೆಗೆ ನಾಲ್ಕು ಬಾರಿ ಅಲ್ಲಿಗೆ ಹೋಗಿದ್ದೇನೆ. ಒಂದು ಕೆಲಸ ಕೆಟ್ಟಿತು, ಎರಡು ಚೆನ್ನಾಗಿ ಬಂದವು. ಕೆಟ್ಟದ್ದರಲ್ಲಿ ನನ್ನ ಪಾಲೂ ಇರುವುದರಿಂದ ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ.

ಡಬ್ಬಿಯ ವಿಷಯವನ್ನು ಮೊದಲು ಹೇಳಬೇಕು. ಪೆಡಲ್ ಕಟ್ಟುವವರು 125ಬಿ ಎಂದು ಕರೆಯುವ, ಸುಮಾರು 122 ಮಿ.ಮೀ. ಉದ್ದ ಮತ್ತು 66 ಮಿ.ಮೀ. ಅಗಲದ ಎರಕದ ಅಲ್ಯೂಮಿನಿಯಂ ಡಬ್ಬಿಗಳನ್ನು ತರಿಸಿ, ನಾಬ್ ಕೂರುವ ಪಾಟ್‌ಗಳಿಗೆ 7 ಮಿ.ಮೀ., ಕಾಲಿನಿಂದ ಒತ್ತುವ ಫುಟ್‌ಸ್ವಿಚ್‌ಗೆ 12 ಮಿ.ಮೀ. ತೂತುಗಳನ್ನು ಮನೆಯಲ್ಲೇ ಕೊರೆದೆ. ಆಮೇಲೆ ಹೆಬ್ಬಾಳ ಕೈಗಾರಿಕಾ ಪ್ರದೇಶದ ವರ್ಕ್‌ಶಾಪ್ ಒಂದರಲ್ಲಿ ಕಪ್ಪು ಪೌಡರ್ ಕೋಟಿಂಗ್ (ಪುಡಿಬಣ್ಣ ಹಾಯಿಸಿ, ಕಾಯಿಸಿ ಗಟ್ಟಿ ಮಾಡುವ ಲೇಪ) ಮಾಡಿಸಿ, ಕೊನೆಯದಾಗಿ ಕೆತ್ತನೆಗೆ ಕೊಟ್ಟೆ. ಈ ಕ್ರಮ ತಪ್ಪಬಾರದು. ಕೋಟಿಂಗ್ ಆದ ಮೇಲೆ ಕೊರೆದರೆ ತೂತಿನ ಅಂಚಿನಲ್ಲಿ ಬಣ್ಣ ಚಕ್ಕೆಯೇಳುತ್ತದೆ. ಕೆತ್ತನೆಯೂ ಮುಗಿದ ಮೇಲೆ ಕೊರೆಯಲು ಹೊರಟರೆ ಬಿಟ್ ಒಮ್ಮೆ ಜಾರಿದರೂ ಅಕ್ಷರದ ಮೇಲೆಯೇ ಗೀರು ಬೀಳುತ್ತದೆ.

ಇದಕ್ಕೆ ಮೊದಲು ಬೇರೆ ದಾರಿಗಳನ್ನೂ ಪ್ರಯತ್ನಿಸಿದ್ದೆ. ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ಡೆಕಾಲ್ ಹಾಳೆ ಅಗ್ಗವಾದದ್ದು ನಿಜ, ಆದರೆ ಸಾಮಾನ್ಯ ಪ್ರಿಂಟರ್ ಬಿಳಿ ಬಣ್ಣವನ್ನು ಮುದ್ರಿಸದ ಕಾರಣ ಕಪ್ಪು ಡಬ್ಬಿಗೆ ಅದು ನಿಷ್ಪ್ರಯೋಜಕ. ತಿಳಿಬಣ್ಣದ ಡಬ್ಬಿಗೆ ಅಂಟಿಸಿದ್ದು ಮೇಲೆ ವಾರ್ನಿಷ್ ಬಳಿದಿದ್ದರೂ ಶೂ ತಾಗುವ ಕಡೆ ಮೂಲೆ ಎದ್ದುಬಂತು. ಮದುವೆ ಕಾರ್ಡ್ ಮುದ್ರಿಸುವ ಸ್ಕ್ರೀನ್ ಪ್ರಿಂಟಿಂಗ್‌ನವರು ಒಂದೆರಡು ಡಬ್ಬಿಗೆಂದು ಸ್ಕ್ರೀನ್ ಮಾಡಿಸಿದರೆ ನಿಮಗೇ ನಷ್ಟವೆಂದು ಪ್ರಾಮಾಣಿಕವಾಗಿ ಹೇಳಿ ಕಳುಹಿಸಿದರು. ಹೀಗೆ ಉಳಿದದ್ದು ಲೇಸರ್.

ಅಂಗಡಿಯಲ್ಲಿ ಎರಡು ಯಂತ್ರಗಳಿವೆ. ಅಕ್ರಿಲಿಕ್ ಮತ್ತು ಮರಕ್ಕೆ ಕಾರ್ಬನ್ ಡೈಆಕ್ಸೈಡ್ ಲೇಸರ್, ಲೋಹಕ್ಕೆ ಫೈಬರ್ ಲೇಸರ್. ಯಂತ್ರ ನೋಡಿಕೊಳ್ಳುವ ಯುವಕ ಡಬ್ಬಿಯನ್ನು ಕೈಗೆ ತೆಗೆದುಕೊಂಡವನೇ ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ: "ಸಾರ್, ಇದು ಪೇಂಟ್ ಹೊಡ್ಸಿರೋದಾ, ಪೌಡರ್ ಕೋಟಿಂಗಾ?" ಕೋಟಿಂಗ್ ದಪ್ಪವಾಗಿರುವುದರಿಂದ ಲೇಸರಿನ ಒಂದೇ ಓಟಕ್ಕೆ ಪೂರ್ತಿ ಸುಡುವುದಿಲ್ಲವೆಂದು ಹೇಳಿ, ಡಬ್ಬಿಯ ಒಳಮೈಯಲ್ಲಿ ಬಣ್ಣ ಬಿದ್ದಿದ್ದ ಕಡೆ ಒಂದು ಸಣ್ಣ ಚೌಕವನ್ನು ಸುಟ್ಟು ನೋಡಿ, ಎರಡು ಓಟ ಬೇಕೆಂದು ತೀರ್ಮಾನಿಸಿದ. ಬಣ್ಣ ಹೋದ ಜಾಗದಲ್ಲಿ ಕೆಳಗಿನ ಅಲ್ಯೂಮಿನಿಯಂ ಬೆಳ್ಳಗೆ ಹೊಳೆಯುತ್ತದೆ, ಅದೇ ಅಕ್ಷರ. ಮೇಲೆ ಅಂಟಿಸಿದ್ದು ಏನೂ ಇಲ್ಲದ್ದರಿಂದ ಕಿತ್ತುಬರುವ ಮಾತೇ ಇಲ್ಲ. ಬಣ್ಣವಿಲ್ಲದ ಬರಿಯ ಡಬ್ಬಿಯ ಮೇಲೂ ಫೈಬರ್ ಲೇಸರ್ ಗುರುತು ಮಾಡುತ್ತದೆ. ಆದರೆ ಬೂದುಬಣ್ಣದ ಮೇಲೆ ಬೂದುಬಣ್ಣವಾಗಿ, ಮಬ್ಬು ಬೆಳಕಿನ ವೇದಿಕೆಯಲ್ಲಿ ಓದಲಾಗುವುದಿಲ್ಲ.

ಈಗ ಕೆಟ್ಟ ಕೆಲಸದ ಕಥೆ. ಐಬನೆಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್ ಮಾದರಿಯ ಪೆಡಲ್‌ಗೆ ಓವರ್‌ಡ್ರೈವ್, ಟೋನ್, ಲೆವೆಲ್ ಎಂಬ ಮೂರು ನಾಬ್‌ಗಳಿರುತ್ತವೆ. ನಾನು ಅವಕ್ಕೆ ಬಿರುಸು, ನಾದ, ಮಟ್ಟ ಎಂದು ಹೆಸರಿಟ್ಟಿದ್ದೆ. ಮನೆಯ ಕಂಪ್ಯೂಟರಿನಲ್ಲಿ ಯೂನಿಕೋಡ್ ಅಕ್ಷರಗಳಲ್ಲಿ ವಿನ್ಯಾಸ ಮಾಡಿ ಕಡತವನ್ನು ಹಾಗೆಯೇ ಕಳುಹಿಸಿದೆ. ಅಂಗಡಿಯ ಹಳೆಯ ವಿನ್ಯಾಸ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡದ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ನಮ್ಮ ಊರಿನ ಬಹುಪಾಲು ಡಿಟಿಪಿ ಅಂಗಡಿಗಳು ಇಂದಿಗೂ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಗಳನ್ನು ಬಿಡದಿರುವುದಕ್ಕೆ ಇದೂ ಒಂದು ಕಾರಣ. ಅವುಗಳಲ್ಲಿ ಒತ್ತು ಪ್ರತ್ಯೇಕ ಅಕ್ಷರವಾಗಿಯೇ ಕೂತಿರುತ್ತದೆ. ಸಂಜೆ ಹೋಗಿ ನೋಡಿದಾಗ ಹೊಳೆಯುವ ಅಕ್ಷರಗಳಲ್ಲಿ "ಮಟ್‌ಟ" ಎಂದು ಕೆತ್ತಿತ್ತು. ಕೇಳಿದರೆ ಸಿಕ್ಕ ಉತ್ತರ, "ಫೈಲಲ್ಲಿ ಹಂಗೇ ಇತ್ತು ಸಾರ್." ಪರದೆಯಲ್ಲಿ ಹಾಗೆ ಕಂಡದ್ದು ನಿಜವಿರಬಹುದು. ಆದರೆ ಕನ್ನಡ ಓದಲು ಬರುವ ಮನುಷ್ಯ ಎರಡು ಓಟ ಸುಡುವ ಮೊದಲು ಒಂದು ಫೋನ್ ಮಾಡಬಹುದಿತ್ತು ಎಂಬ ನನ್ನ ಅಸಮಾಧಾನ ಇನ್ನೂ ಹೋಗಿಲ್ಲ. ಪೌಡರ್ ಕೋಟಿಂಗ್ ಸುಟ್ಟ ಮೇಲೆ ಅಳಿಸುವ ದಾರಿ ಇಲ್ಲ. ಡಬ್ಬಿಯನ್ನು ಪೂರ್ತಿ ಉಜ್ಜಿ ಮತ್ತೆ ಹೆಬ್ಬಾಳಕ್ಕೆ ಒಯ್ಯಬೇಕಾಯಿತು. ಎರಡನೆಯ ಕೆತ್ತನೆಗೆ ಅಂಗಡಿಯವರು ಅರ್ಧ ಹಣ ಮಾತ್ರ ತೆಗೆದುಕೊಂಡರು. ಅದನ್ನು ಅವರ ಪರವಾಗಿ ಹೇಳಲೇಬೇಕು. ಅಂದಿನಿಂದ ನಾನು ಅಕ್ಷರಗಳನ್ನೆಲ್ಲ ಕರ್ವ್‌ಗೆ, ಅಂದರೆ ಬರಿಯ ರೇಖಾಚಿತ್ರಕ್ಕೆ ಬದಲಾಯಿಸಿಯೇ ಕಡತ ಕೊಡುತ್ತೇನೆ. ಜೊತೆಗೆ ಕಾಗದದ ಮೇಲೆ ಅದೇ ಅಳತೆಯ ಮುದ್ರಿತ ಪ್ರತಿಯನ್ನೂ ಕೊಡುತ್ತೇನೆ.

ಅಕ್ಷರದ ಗಾತ್ರದಲ್ಲೂ ಪಾಠ ಕಲಿತೆ. ಇಂಗ್ಲಿಷಿನ ದೊಡ್ಡಕ್ಷರಗಳು 3 ಮಿ.ಮೀ. ಎತ್ತರದಲ್ಲಿ ಸಲೀಸಾಗಿ ಓದಿಸಿಕೊಳ್ಳುತ್ತವೆ. ಅದೇ ಎತ್ತರದೊಳಗೆ ಕನ್ನಡದ ತಲೆಕಟ್ಟು, ಗುಣಿತ, ಒತ್ತು ಎಲ್ಲವನ್ನೂ ತುರುಕಿದರೆ ಮೂಲ ಅಕ್ಷರಕ್ಕೆ ಉಳಿಯುವುದು 2 ಮಿ.ಮೀ. ಮಾತ್ರ, ದಪ್ಪ ಅಕ್ಷರಶೈಲಿಯಾದರೆ ಮ, ದ, ಟ ಅಕ್ಷರಗಳ ಒಳಗಿನ ಬಯಲು ಮುಚ್ಚಿಹೋಗುತ್ತದೆ. ಒತ್ತೂ ಸೇರಿ 5 ಮಿ.ಮೀ. ಎತ್ತರ, ತೆಳು ಗೆರೆಯ ಅಕ್ಷರ, ಇದು ನನಗೆ ಹೊಂದಿತು. ಹೆಸರನ್ನು ನಾಬ್‌ನ ಆಚೆಗೆ, ಮೇಲ್ಬದಿಗೆ ಬರೆಯುವವರು ಹಲವರು. ಆದರೆ ನಿಂತು ನುಡಿಸುವವನ ಕಣ್ಣಿಗೆ ಎತ್ತರದ ನಾಬ್ ತನ್ನ ಆಚೆಬದಿಯ ಅಕ್ಷರವನ್ನೇ ಮರೆಮಾಡುತ್ತದೆ. ಆದ್ದರಿಂದ ನಾನು ನಾಬ್‌ನ ಈಚೆಗೆ, ಕಾಲಿನ ಕಡೆಗೆ ಬರೆಸಿದ್ದೇನೆ.

ಜಾಗ ಹೊಂದಿಸುವ ವಿಷಯದಲ್ಲಿ ಈ ಅಂಗಡಿಗೆ ಪೂರ್ಣ ಅಂಕ. ಯಂತ್ರ ಸುಡುವ ಮೊದಲು ವಿನ್ಯಾಸದ ಹೊರಗೆರೆಯ ಉದ್ದಕ್ಕೂ ಒಂದು ಕೆಂಪು ಬೆಳಕನ್ನು ಓಡಿಸುತ್ತದೆ. ಯುವಕ ಡಬ್ಬಿಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಕಡಿಮೆ ಶಕ್ತಿಯಲ್ಲಿ ಟೇಪಿನ ಮೇಲಷ್ಟೇ ಗುರುತು ಬೀಳಿಸಿ, ನಾಬ್‌ಗಳನ್ನು ತೂತಿನ ಮೇಲೆ ಇಟ್ಟು ನೋಡಲು ನನಗೇ ಕೊಟ್ಟ. "ನಾದ" ಒಂದೂವರೆ ಮಿಲಿಮೀಟರು ಎಡಕ್ಕೆ ಸರಿದಿದ್ದದ್ದು ಅಲ್ಲಿ ಸಿಕ್ಕಿಬಿತ್ತು. ಆದರೆ ಅವರ ಯಂತ್ರದ ಲೆನ್ಸ್ ಒಮ್ಮೆಗೆ ತಲುಪುವುದು 110 ಮಿ.ಮೀ. ಚೌಕವನ್ನು ಮಾತ್ರ. 122 ಮಿ.ಮೀ. ಉದ್ದದ ಡಬ್ಬಿಯ ಅಂಚಿನುದ್ದಕ್ಕೂ ನಾನು ಬಯಸಿದ್ದ ರಂಗೋಲಿಯ ಎಳೆಯನ್ನು ಎರಡು ಕಂತಿನಲ್ಲಿ ಸುಡಬೇಕಾಯಿತು, ಕೂಡಿದ ಕಡೆ ಅರ್ಧ ಮಿಲಿಮೀಟರಿನ ಹೆಜ್ಜೆ ಉಳಿಯಿತು. ಗೊತ್ತಿಲ್ಲದವರಿಗೆ ಕಾಣುವುದಿಲ್ಲ, ನನಗೆ ಮಾತ್ರ ದಿನವೂ ಕಾಣುತ್ತದೆ.

ಪಕ್ಕದ ಗೋಡೆಗಳು ಅಚ್ಚಿನಿಂದ ಬಿಡಿಸಲು ಅನುಕೂಲವಾಗುವಂತೆ ತುಸು ಓರೆಯಾಗಿರುತ್ತವೆ. ಬಲಕ್ಕೆ "ಒಳ", ಎಡಕ್ಕೆ "ಹೊರ" ಎಂದು ಬರೆಸುವಾಗ ಡಬ್ಬಿಯ ಕೆಳಗೆ ಮಡಿಸಿದ ರಟ್ಟು ಕೊಟ್ಟು ಮಟ್ಟ ಮಾಡಿದ್ದನ್ನು ನೋಡಿ ಸಂತೋಷವಾಯಿತು. ಕೇಳಿಕೊಂಡದ್ದಕ್ಕೆ, ಒಳಮೈಯಲ್ಲಿ ಗಿಟಾರಿನ ತಂತಿ ಸಿಕ್ಕಿಸುವ ಜ್ಯಾಕ್ ಕೂರುವ ತೂತಿನ ಸುತ್ತ ಬಿದ್ದಿದ್ದ ಬಣ್ಣವನ್ನೂ ಹರಿತವಾದ ಚಾಕುವಿನಿಂದ ಕೆರೆದುಕೊಟ್ಟರು. ಅಲ್ಲಿ ಬಣ್ಣ ಉಳಿದರೆ ಡಬ್ಬಿಗೆ ಗ್ರೌಂಡ್ ಸಿಗದೆ ಪೆಡಲ್ ಗುಂಯ್‌ಗುಡುತ್ತದೆ.

ಮೇಲ್ಮುಖಕ್ಕೆ 300 ರೂಪಾಯಿ, ಪಕ್ಕದ ಒಂದೊಂದು ಗೋಡೆಗೆ 80 ರೂಪಾಯಿ ತೆಗೆದುಕೊಂಡರು. ಒಂದೇ ಡಬ್ಬಿಗೆ ಇದು ನ್ಯಾಯವಾದ ಬೆಲೆ. ಒಂದೇ ವಿನ್ಯಾಸದ ಇಪ್ಪತ್ತೈದು ಡಬ್ಬಿಗಳಿದ್ದರೆ ಸ್ಕ್ರೀನ್ ಪ್ರಿಂಟಿಂಗ್‌ನವರ ಬಳಿಗೇ ಹೋಗುವುದು ವಾಸಿ. ದಸರಾ ಹೊತ್ತಿನಲ್ಲೂ ಶಾಲಾ ವಾರ್ಷಿಕೋತ್ಸವಗಳ ತಿಂಗಳುಗಳಲ್ಲೂ ಅಂಗಡಿ ಟ್ರೋಫಿಗಳಿಂದ ತುಂಬಿರುತ್ತದೆ. ಆಗ ಟೇಪ್ ಅಂಟಿಸಿ ತಾಳೆ ನೋಡುವ ತಾಳ್ಮೆಯನ್ನು ಯಾರಿಂದಲೂ ನಿರೀಕ್ಷಿಸಬಾರದು. ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ, ಕೆತ್ತನೆ ಮುಗಿಯುವವರೆಗೆ ಯಂತ್ರದ ಪಕ್ಕದಲ್ಲೇ ನಿಂತಿರಿ. ಡಬ್ಬಿ ಬಿಟ್ಟು ಕಾಫಿಗೆ ಹೋದ ದಿನವೇ ನನಗೆ "ಮಟ್‌ಟ" ಸಿಕ್ಕಿದ್ದು.